ವಂದನಾರ್ಪಣೆ ನನ್ನ ಪಾಲಿಗೆ ಬಂತು

"ನಮ್ಮ ಮನ್ಯಾಗ ಒಬ್ರು ಡಿಗ್ರಿ ಪಾಸಾಗೂದು ಈ ಜನ್ಮದಾಗ ಆಗೂದಲ್ಲ ಬಿಡ್ರಿ" ಎಂದವರು ನಮ್ಮ ದೊಡ್ಡಪ್ಪ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅವರು ಎಲ್ಲದಕ್ಕೂ ಹಾಗೆಯೇ. ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಇವತ್ತ ರಾಮದುರ್ಗದ ಬಸ್ಸು ಬರೂದಿಲ್ಲ" ಎಂದರೆ ಸಾಕು, ಅವರ ಮಾತು ಮುಗಿಯುವುದರೊಳಗೆ ಬಸ್ಸು ಬಂದು ಎದುರಿಗೆ ನಿಂತಿರುತ್ತದೆ. ಹೀಗಾಗಿ ಅವರ ಮಾತಿನಿಂದ ನನಗೆ ಧೈರ್ಯವೇ ಬಂದಿತ್ತು. ಬಿ.ಕಾಂ. ಪಾಸಾದೆ. ಅಪ್ಪ ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ. ಅವ್ವ ಕಂಡವರ ರವಿಕೆ ಹೊಲಿಯುತ್ತಾಳೆ. ಆ ಮನೆಯ ಮೊದಲ ಪದವೀಧರೆ ನಾನು. ಹೀಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಬೇಕಾದರೆ ಇನ್ನೊಮ್ಮೆ ಹೇಳುತ್ತೇನೆ. ಕಷ್ಟವೇನೆಂದರೆ, ದೊಡ್ಡಪ್ಪ ಈಗ ಮಾತು ಬದಲಿಸಿದ್ದಾರೆ. "ನಮ್ಮ ಸುಧಾಗ ನೌಕರಿ ಸಿಕ್ಕ ಸಿಗತೈತಿ" ಎನ್ನುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ ಶುರುವಾದದ್ದು ಆವಾಗಲೇ.

ಹೆದರಿಕೆಗೆ ಇನ್ನೊಂದು ಕಾರಣವೂ ಇತ್ತು. ಅಪ್ಪ ಊಟಕ್ಕೆ ಕೂತಾಗ ಒಂದು ದಿನ ಮೆಲ್ಲಗೆ, "ದೀಪಾವಳಿ ತನಕಾ ನೋಡೂಣು. ಆಮ್ಯಾಲೆ ವರಾ ನೋಡೂಣು" ಎಂದಿದ್ದರು. ಅಪ್ಪ ಜೋರು ಮಾಡಿದ್ದರೆ ನಾನೂ ಜೋರು ಮಾಡುತ್ತಿದ್ದೆ. ಮೆಲ್ಲಗೆ ಅಂದವರಿಗೆ ಏನೆಂದು ಎದುರು ಮಾತಾಡುವುದು?

ನೌಕರಿ ಹುಡುಕುವವರು ಮೊದಲು ಕಲಿಯುವ ವಿದ್ಯೆ ಓಣಿ ಬದಲಿಸಿ ಓಡಾಡುವುದು. ಪ್ರತಿ ಸೋಮವಾರ ಸಂಜೆ ನಮ್ಮ ಓಣಿಯ ಮಠದಲ್ಲಿ ಹೆಂಗಸರ ಅಕ್ಕನ ಬಳಗ ಸೇರುತ್ತದೆ. ವಚನ ಹಾಡುವುದು, ಒಂದಿಷ್ಟು ಅನುಭಾವದ ಮಾತು, ಕೊನೆಗೆ ಪ್ರಸಾದ. ಸಣ್ಣವಳಿದ್ದಾಗಿಂದ ಹೋಗುತ್ತಿದ್ದವಳು ನಿಲ್ಲಿಸಿಬಿಟ್ಟೆ. ದೇವರ ಮೇಲೆ ಸಿಟ್ಟಲ್ಲ, ಪ್ರಶ್ನೆಯ ಅಂಜಿಕೆ. ಬಳಗದ ಹಿರಿಯರಾದ ಗಿರಿಜಕ್ಕ ನೇರ ಮನೆಗೇ ಬಂದರು.

"ಯಾಕ ಬರವಲ್ಲಿ?"

"ಬಂದ ಕೂಡ್ಲೆ ಎಲ್ಲಾರೂ ನೌಕರಿ ಸಿಕ್ತೇನು ಅಂತ ಕೇಳ್ತಾರ್ರಿ ಅಕ್ಕಾರ."

"ಹಂಗಾರ ನಾನ ಒಂದ ನೌಕರಿ ಕೊಡತೇನಿ ತಗೋ. ಸೋಮವಾರದ ವಂದನಾರ್ಪಣೆ ನಿಂದು. ಪಗಾರಿಲ್ಲ, ಪ್ರಸಾದ ಐತಿ."

ವಂದನಾರ್ಪಣೆ ಎಂಥ ಸ್ಥಾನ ಎಂಬುದು ನಿಮಗೂ ಗೊತ್ತು. ಪ್ರಾರ್ಥನೆ ಹಾಡುವವರನ್ನು ಜನ ಕೇಳುತ್ತಾರೆ, ಸ್ವಾಗತ ಮಾಡುವವರನ್ನು ಸಹಿಸುತ್ತಾರೆ. ವಂದಿಸುವವಳು ಎದ್ದು ನಿಲ್ಲುವ ಹೊತ್ತಿಗೆ ಒಳಗಿನಿಂದ ಗೋಧಿಹುಗ್ಗಿಯ ವಾಸನೆ ಬಂದಿರುತ್ತದೆ, ಅರ್ಧ ಜನ ಮೊಣಕಾಲ ಮೇಲೆ ಕೈಯೂರಿ ಏಳುವ ತಯಾರಿಯಲ್ಲಿರುತ್ತಾರೆ. ಅಂಥ ಜನರ ಮುಂದೆ ಒಂದೂ ಹೆಸರು ತಪ್ಪದಂತೆ ಹೇಳಬೇಕು. ಮೊದಲ ವಾರವೇ ಮೈಕಿನವರ ಹೆಸರು ಮರೆತೆ. ಮರುವಾರ ಎಲ್ಲರ ಪಾಳಿಯಲ್ಲೂ ಸುಮ್ಮನಿದ್ದ ಮೈಕು ನನ್ನ ಪಾಳಿ ಬಂದ ಕೂಡಲೇ ಕುಂಯ್ ಎಂದಿತು.

ಸವದತ್ತಿ ಕಡೆ ಹೋದಾಗ ಒಮ್ಮೆ ಹೂಲಿಯ ಹಳೆಯ ಗುಡಿಗಳನ್ನು ನೋಡಿದ್ದೆ. ಇಂಥ ಗುಡಿಗಳ ಕಲ್ಲಿನಲ್ಲಿ ರಾಜರ ಹೊಗಳಿಕೆ ಮುಗಿದ ಮೇಲೆ ದೀಪಕ್ಕೆ ಎಣ್ಣೆ ಕೊಟ್ಟವರ, ಭೂಮಿ ಬಿಟ್ಟವರ ಹೆಸರು ಕೆತ್ತಿರುತ್ತಾರಂತೆ. ಕೊನೆಗೆ ಈ ದತ್ತಿ ಕೆಡಿಸಿದವರಿಗೆ ಶಾಪ. ಇದು ಕಲ್ಲಿನ ಮೇಲಿನ ವಂದನಾರ್ಪಣೆಯಲ್ಲದೆ ಮತ್ತೇನು? ವ್ಯತ್ಯಾಸ ಒಂದೇ: ಅಲ್ಲಿ ಶಾಪ ಹಾಕುವವರು ಬರೆಸಿದವರು, ನಮ್ಮಲ್ಲಿ ಹೆಸರು ಬಿಟ್ಟುಹೋದವರು.

ಹೆಸರು ತಪ್ಪಬಾರದೆಂದರೆ ಯಾರು ಏನು ಮಾಡಿದರು ಎಂದು ಕೇಳಿಕೊಳ್ಳಲೇಬೇಕು. ಅದಕ್ಕೆ ಒಂದು ತಾಸು ಮೊದಲೇ ಹೋಗಿ ಪ್ರಸಾದದ ಒಲೆಯ ಹತ್ತಿರ ಕೂಡತೊಡಗಿದೆ. ಆಗ ಗೊತ್ತಾಯಿತು, ನಾನು ಅಂಜಿದ್ದ ಪ್ರಶ್ನೆ ಚುಚ್ಚಲು ಕೇಳಿದ್ದಲ್ಲ. "ಸಿಗಲಿಲ್ರಿ" ಎಂದ ಕೂಡಲೇ ಇನ್ನೊಬ್ಬರು, "ಕಿತ್ತೂರಾಗ ಒಂದ ಕನ್ನಡ ಸಾಲಿಗೆ ಕ್ಲಾರ್ಕ ಬೇಕಂತ, ನಮ್ಮ ಭಾವ ಅಂದ್ರು" ಎನ್ನುತ್ತಿದ್ದರು. ಮತ್ತೊಬ್ಬರು ಸಂದರ್ಶನಕ್ಕೆಂದು ತಮ್ಮ ಇಳಕಲ್ ಸೀರೆ ಕೊಟ್ಟರು. ಉಟ್ಟು ಹೋದೆ. ನೌಕರಿ ಸಿಗಲಿಲ್ಲ. ಸೀರೆ ಮರಳಿಸಲು ಹೋದರೆ, "ಇಟ್ಕೋವಾ, ಇನ್ನೂ ನಾಕ ಕಡೆ ಹೋಗೂದೈತಲ್ಲ" ಎಂದು ನಕ್ಕರು. ಆ ನಗು ಇವತ್ತಿಗೂ ನನ್ನ ಬಳಿ ಇದೆ, ಸೀರೆಯೂ ಇದೆ.

ಸವದತ್ತಿಯಲ್ಲೊಂದು ಸಂದರ್ಶನ. ಪ್ರಶ್ನೆಗಳು ಮುಗಿದವು, "ನೀವು ಹೋಗಬಹುದು" ಎಂದರು. ನನಗೇನಾಯಿತೋ, ಎದ್ದು ನಿಂತು ಕೈಮುಗಿದು, ಕರೆದ ಹಿರಿಯರಿಗೆ, ಹೆಸರು ಕೂಗಿದ ತಾಯಿಗೆ, ನೀರು ತಂದುಕೊಟ್ಟ ಕಾಕಾನಿಗೆ, ನನ್ನ ಜೊತೆ ಬೆಂಚಿನ ಮೇಲೆ ಕೂತು ಬೆವತ ಗೆಳತಿಯರಿಗೆ ಎಂದು ಶುರು ಮಾಡಿಬಿಟ್ಟೆ. ಫ್ಯಾನಿನ ಗಾಳಿಗೂ ವಂದಿಸುವವಳಿದ್ದೆ, ಅಷ್ಟರಲ್ಲಿ ಇದು ಮಠವಲ್ಲ ಎಂದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಸಂದರ್ಶನ ಮಾಡಿದ ಮೂವರೂ ನಕ್ಕರು. "ತಿಳಸ್ತೇವಿ" ಎಂದರು. ಇನ್ನೂ ತಿಳಿಸಿಲ್ಲ. ಆದರೆ ಹೊರಗೆ ಬಂದಾಗ ನೀರು ಕೊಟ್ಟ ಕಾಕಾ ಗೇಟಿನ ತನಕ ಬಂದು, "ರಾಮದುರ್ಗದಾಗೂ ಒಂದ ಅಂಗಡ್ಯಾಗ ಜಾಗಾ ಖಾಲಿ ಐತಿ, ಹೋಗ ತಂಗಿ" ಎಂದು ಅಂಗಡಿಯ ಗುರುತು ಹೇಳಿ ಕಳಿಸಿದರು.

ಈ ನಡುವೆ ವಿಶ್ವವಿದ್ಯಾಲಯದಿಂದ ನನ್ನ ಪದವಿ ಪ್ರಮಾಣಪತ್ರ ಅಂಚೆಯಲ್ಲಿ ಬಂತು. ಗಿರಿಜಕ್ಕ ಒಪ್ಪಲಿಲ್ಲ. "ಪೋಸ್ಟಮನ್ ಕೊಟ್ರ ಅದು ಕೊಟ್ಟಂಗಲ್ಲ. ಮಂದಿ ಮುಂದ ಕೊಡಬೇಕು" ಎಂದರು. ಶ್ರಾವಣದ ಕಡೆಯ ಸೋಮವಾರ ಮಠ ತುಂಬಿತ್ತು. ಗಂಡಸರೂ ಬಂದಿದ್ದರು, ಅಪ್ಪ ಕಂಬಕ್ಕೊರಗಿ ಕೂತಿದ್ದರು. ಕೊಡುವ ಕೈ ಯಾರದು ಎಂಬ ಮಾತು ಬಂದಾಗ ಗಿರಿಜಕ್ಕ ನಮ್ಮ ಆಯಿಯನ್ನು, ಅಂದರೆ ಅಪ್ಪನ ತಾಯಿಯನ್ನು, ಕೈಹಿಡಿದು ಕರೆತಂದರು. ಸುಗ್ಗಿ ಸುಗ್ಗಿಗೂ ಮಂದಿಯ ಹೊಲದಲ್ಲಿ ಹತ್ತಿ ಬಿಡಿಸಿದ ಮುದುಕಿ.

ಆಯಿ ಪ್ರಮಾಣಪತ್ರವನ್ನು ಅಂಗೈ ಮೇಲಿಟ್ಟುಕೊಂಡು ತೂಗಿ ನೋಡಿದಳು. "ಅಯ್ಯ, ಇಷ್ಟ ಹಗರ ಐತಲ್ಲ!" ಎಂದಳು. ಮೈಕು ಅಲ್ಲೇ ಇತ್ತು, ಮಠವೆಲ್ಲ ನಕ್ಕಿತು. ಆಯಿ ಮಾತ್ರ ನಗಲಿಲ್ಲ. ಅದನ್ನು ನನ್ನ ಕೈಗಿಟ್ಟು, ಕಂಬದ ಕಡೆ ತಿರುಗಿ ತನ್ನ ಮಗನಿಗೆ ಹೇಳಿದಳು:

"ಚೊಲೋ ಆತು. ಎಷ್ಟ ಊರ ತಿರಗಿದ್ರೂ ಭಾರ ಆಗೂದಿಲ್ಲ. ದೀಪಾವಳಿ ವರ್ಷಾ ಬರತೈತೋ ತಮ್ಮಾ, ಹುಡುಗಿ ತಿರಗಲಿ."