ದಿನಾ ತಿಥಿ ಬರುವ ಗ್ರಹ

ಸ್ನೇಹಿತರೇ, ಇವತ್ತು ವಿದ್ಯಾರಣ್ಯಪುರಂನ ನಮ್ಮ ಮನೆಯಲ್ಲಿ ತಾತನ ತಿಥಿ. ಊಟಕ್ಕೆ ಇನ್ನೂ ತಡವಿತ್ತು. ಹಸಿವು ಮರೆಯಲೆಂದು, ಮೊಬೈಲಿನಲ್ಲಿ ಓದಿದ್ದನ್ನು ಪುರೋಹಿತರಿಗೆ ಹೇಳಿದೆ: "ಹೊಸ ಗ್ರಹವೊಂದು ಸಿಕ್ಕಿದೆಯಂತೆ. ನಮ್ಮ ಒಂದು ದಿನದೊಳಗೆ ಅಲ್ಲಿ ಇಡೀ ವರ್ಷವೇ ಮುಗಿದುಹೋಗುತ್ತಂತೆ."

ಅವರ ಮುಖ ಅರಳಿತು. "ಹಾಗಾದ್ರೆ ಅಲ್ಲಿ ದಿನಾ ತಿಥಿ ಅನ್ನಿ!"

"ದಿನಾ ವಡೆ ಕಣ್ರೀ!" ಎಂದರು ತಿಥಿ ಮಾಡುತ್ತಿದ್ದ ಚಿಕ್ಕಪ್ಪ.

ಬೆಳಗಿನಿಂದ ಒಲೆ ಮುಂದೆ ಬೇಯುತ್ತಿದ್ದ ಚಿಕ್ಕಮ್ಮ ಜಾಲರಿ ಸೌಟು ಹಿಡಿದೇ ಹೊರಬಂದರು. "ಕರಿಯೋರ್ಯಾರು ಅಲ್ಲಿ?"

ಮಾತು ತೇಲಿಸಲು ನಾನು, "ಅಲ್ಲಿ ಯಾರೂ ಇರಕ್ಕಾಗಲ್ಲ ಚಿಕ್ಕಮ್ಮ, ಬಂಡೇನೂ ಕರಗೋ ಶಾಖವಂತೆ" ಎಂದೆ.

ಅವರು ಗಂಡನತ್ತ ತಿರುಗಿದರು. "ನೀವು ಹೇಗೂ ಮಡೀಲಿದೀರಲ್ಲ, ಒಳಗ್ಬನ್ನಿ. ಉಳಿದ ವಡೆ ನೀವೇ ಕರೀರಿ."

ಚಿಕ್ಕಪ್ಪ ಈಗ ಬಾಣಲೆ ಮುಂದಿದ್ದಾರೆ. ಅಂಥ ಶಾಖದಲ್ಲಿ ಜೀವ ಉಳಿಯದು ಎನ್ನುವ ವಿಜ್ಞಾನಿಗಳು ನಮ್ಮ ಚಿಕ್ಕಮ್ಮನನ್ನು ನೋಡಿಲ್ಲ.