ಹೊರದೇಶದ ವ್ಯಾಪಾರಕ್ಕೆ ನಾನೊತ್ತಿದ ಓಟು

ನನ್ನ ಹೆಂಡತಿ ಹಳ್ಳಿಮೈಸೂರಿನಲ್ಲಿ ಒಂದನೇ ಕ್ಲಾಸಿನ ಟೀಚರು. ಜ್ವರ ಬಂದು ಎರಡೂ ಕಿವಿ ಹೋದಾಗ ಆಪರೇಷನ್ ಮಾಡಿಸಿದ್ವಿ. ತಲೆಯೊಳಗೊಂದು ಚೂರು, ಕಿವಿಯ ಹಿಂದೊಂದು ಮಿಷನ್ನು, ಎರಡೂ ನಮ್ಮ ದೇಶದ್ದೇ ಒಂದು ಕಂಪನಿಯವು. ಮೊದಲ ದಿನ ಕುಕ್ಕರ್ ಕೂಗಿದ್ದು ಕೇಳಿಸಿ ಅತ್ತುಬಿಟ್ಟಳು. ಆ ಖುಷಿಗೆ, ಹರಕೆ ತೀರಿಸೋ ಹಾಗೆ, ಆ ಕಂಪನಿಯ ಒಂದಷ್ಟು ಷೇರು ಕೊಂಡೆ. ಗೊಬ್ಬರದಂಗಡಿಯವನಿಗೆ ಷೇರು ಬೇರೆ ಕೇಡು ಅಂತ ನಗಾಡಿದಳು.

ಹೋದ ವರ್ಷ ಫೋನಿಗೆ ಓಟು ಬಂತು. ಕಂಪನಿಯ ಹೊರದೇಶದ ವ್ಯಾಪಾರ ಮಾರಬೇಕೋ ಬೇಡವೋ, ಷೇರುದಾರರು ಹೇಳಬೇಕು. ಚನ್ನರಾಯಪಟ್ಟಣದ ಬಾಮೈದ ಅಂಗಡಿಯಲ್ಲೇ ಕೂತಿದ್ದ. ಮಾರಿದರೆ ರೇಟು ಏರುತ್ತೆ, ಒತ್ತಿ ಭಾವ ಅಂದ. ನನಗೆ ರೇಟಿಗಿಂತ ಇನ್ನೊಂದು ಆಸೆ. ಪರದೇಶದವರ ಚಾಕರಿ ಬಿಟ್ಟು ಇನ್ನಾದರೂ ನಮ್ಮೋರನ್ನ ನೆಟ್ಟಗೆ ನೋಡಿಕೊಳ್ಳಲಿ ಅಂತ. ಎಂಥ ದಡ್ಡ ನಾನು! ಒಂದು ಸಾಲೂ ಓದದೆ ಮಾರಲಿ ಅಂತ ಒತ್ತಿದೆ.

ಈ ವರ್ಷ ಮಿಷನ್ನು ಪಾಠದ ನಡುವೆ ಕೈಕೊಡೋಕೆ ಶುರುವಾಯಿತು. ಹಾಸನದ ಕ್ಲಿನಿಕ್ಕಿನಲ್ಲಿ ರಿಪೇರಿಯವರು ಅದನ್ನ ಬಿಚ್ಚಿಕೊಂಡರು. ಏನೂ ಕೇಳಿಸದೆ ಅವಳು ನಮ್ಮಿಬ್ಬರ ತುಟಿಯನ್ನೇ ನೋಡುತ್ತ ಕೂತಳು. ರಿಪೇರಿಯವರು ಮಿಷನ್ನು ಮುಚ್ಚಿ ನನ್ನ ಕಡೆ ತಿರುಗಿದರು.

"ಎಂಗೋ ಕೂರ್‍ಸಿದೀನಿ ಸಾ. ಇದು ಕೆಟ್ಟೋದ್ರೆ ಬೇರೆ ಇಲ್ಲ. ಒರದೇಶದಲ್ಲಿ ಸಾವಿರಾರು ಜನ ಕೊಳ್ಳೋರು, ಅದ್ರಿಂದ ಇಲ್ಲಿ ನಾಕು ಜನಕ್ಕೂ ಸಿಗ್ತಿತ್ತು. ಆ ವ್ಯಾಪಾರನೇ ಮಾರ್ಬುಟ್ರಲ್ಲ, ಇದನ್ನ ಮಾಡೋದೇ ನಿಲ್ಸವ್ರೆ."

ಬೇರೆ ಕಂಪನಿಯದು ಹಾಕಿ ಅಂದೆ. ತಲೆಯೊಳಗಿನದಕ್ಕೆ ಅದು ಕೂಡೋದಿಲ್ಲ, ಮತ್ತೆ ಕುಯ್ಯಬೇಕು ಅಂದರು. ಷೇರೂ ನಾಕು ದಿನ ಏರಿ ನೆಲ ಕಚ್ಚಿತ್ತು. ಸಂಪಾದನೆಯೆಲ್ಲ ಹೊರಗಿಂದ ಬರುತ್ತಿದ್ದ ಕಂಪನಿಯಲ್ಲಿ ಇನ್ನೇನು ಉಳಿದೀತು? ಅದು ಹಾಳಾಗಿ ಹೋಗಲಿ. ಇವಳ ತಲೆ ಮೇಲೆ ನಾನೇ ಚಪ್ಪಡಿ ಎಳೆದಿದ್ದೆ.

ಬಸ್ ಸ್ಟ್ಯಾಂಡಿನಲ್ಲಿ, ಅವರು ಏನಂದ್ರು ಅಂತ ಕೇಳಿದಳು. ಹೊಳೆನರಸೀಪುರದ ಬಸ್ಸು ಹುಡುಕೋ ಹಾಗೆ ಆ ಕಡೆ ನೋಡುತ್ತ ಏನೋ ಗೊಣಗಿದೆ. ಗಲ್ಲ ಹಿಡಿದು ನನ್ನ ಮುಖ ತಿರುಗಿಸಿಕೊಂಡಳು. ಓಟಿನ ವಿಷಯವೂ ಸೇರಿ ಎಲ್ಲ ಹೇಳಿಬಿಟ್ಟೆ. ಬೈದು ಬಿಸಾಕಲಿ ಅಂತ ಕಾದೆ. ಬಸ್ಸು ಬಂತು, ಹತ್ತಿ ಕಿಟಕಿ ಪಕ್ಕ ಕೂತಳು.

ಮನೆಗೆ ಬಂದವಳೇ ಮಿಷನ್ನು ತೆಗೆದು ಡಬ್ಬಿಗಿಟ್ಟಳು.

"ಇದು ಬಾಳೋವಷ್ಟು ದಿನ ಇಸ್ಕೂಲ್ ಮಕ್ಕಳಿಗಿರ್‍ಲಿ," ಅಂದಳು.

ಈಗ ಇಸ್ಕೂಲಿನ ಗೇಟಿನಲ್ಲಿ ಹಾಕಿಕೊಳ್ಳುತ್ತಾಳೆ, ಸಂಜೆ ಗಂಟೆ ಹೊಡೆದ ಮೇಲೆ ತೆಗೆಯುತ್ತಾಳೆ. ಮನೆಯಲ್ಲಿ ನಾನು ಕರೆದರೆ ತಿರುಗುವುದಿಲ್ಲ. ಹತ್ತಿರ ಹೋಗಿ ಭುಜ ಮುಟ್ಟಬೇಕು.