ನೀರಿಗೆ ಬಿಟ್ಟ ಚಕ್ರ

ನಮ್ಮ ಅತ್ತೆಯ ಕಣ್ಣಿಗೆ ಈ ಲೋಕದಲ್ಲಿ ಎಸೆಯುವಂಥ ವಸ್ತು ಯಾವುದೂ ಇರಲಿಲ್ಲ. ಮೊರ ಹರಿದರೆ ಮೆಂತ್ಯ ನೆನೆಸಿ, ಹಳೆಯ ಕಾಗದದ ಜೊತೆ ರುಬ್ಬಿ ಬಳಿಯುತ್ತಿದ್ದರು. ಹಿತ್ತಾಳೆ ಬಿಂದಿಗೆ ತೂತು ಬಿದ್ದರೆ ಅರಗು ಕಾಯಿಸಿ ಮೆತ್ತುತ್ತಿದ್ದರು. ಬೀಸುವ ಕಲ್ಲು ನುಣುಪಾದರೆ, ಕಲ್ಲು ಕುಟ್ಟುವವರು ಊರಿಗೆ ಬರಲಿ ಎಂದು ಕಾಯದೆ ತಾವೇ ಉಳಿ ಹಿಡಿದು ಅಂಗಳದಲ್ಲಿ ಕೂರುತ್ತಿದ್ದರು. ಆಮೇಲೆ ನಾಲ್ಕು ದಿನ ನಾವೆಲ್ಲ ರಾಗಿ ಮುದ್ದೆಯಲ್ಲಿ ಕಲ್ಲಿನ ಪುಡಿ ನುಂಗುತ್ತಿದ್ದೆವು. ಲಾಟೀನಿನ ಗಾಜು ಸೀಳು ಬಿಟ್ಟಾಗ ಅದಕ್ಕೂ ಒಂದು ಕಾಗದದ ಪಟ್ಟಿ ಅಂಟಿಸಿದರು. ಅದರ ನೆರಳು ಸರಿಯಾಗಿ ನನ್ನ ತಟ್ಟೆಯ ಮೇಲೇ ಬೀಳುತ್ತಿತ್ತು.

ಮದುವೆಯಾಗಿ ಬಂದ ಹೊಸದರಲ್ಲಿ ಇದೆಲ್ಲ ನನಗೆ ಶುದ್ಧ ಜಿಪುಣತನ ಎನಿಸುತ್ತಿತ್ತು. ನನ್ನ ತವರು ಚನ್ನರಾಯನದುರ್ಗದ ಬೆಟ್ಟದ ಬುಡದಲ್ಲಿ. ಅಲ್ಲಿ ನಾವೇನೂ ಸಾಹುಕಾರರಲ್ಲ. ಆದರೂ ಒಡೆದದ್ದನ್ನು ಒಡೆಯಿತು ಎಂದು ಒಪ್ಪಿಕೊಳ್ಳುತ್ತಿದ್ದೆವು. ಗಂಡನ ಊರು ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಒಳಗೆ ಸರಿದ ಒಂದು ಹಳ್ಳಿ. ಅರ್ಧ ಊರು ತೆಲುಗು ಆಡುತ್ತಿತ್ತು. ಅತ್ತೆ ಬೈಯುವಾಗ ತೆಲುಗು, ಬುದ್ಧಿ ಹೇಳುವಾಗ ಕನ್ನಡ. ಮೊದಮೊದಲು ನನಗೆ ತೆಲುಗೇ ಹೆಚ್ಚು ಕೇಳಿಸಿತು.

ಅದು ಯುದ್ಧದ ಕಾಲ. ಯುದ್ಧ ಎಲ್ಲೋ ನಡೆಯುತ್ತಿತ್ತು, ಅಭಾವ ಮಾತ್ರ ನಮ್ಮ ಮನೆಯೊಳಗೇ ಬಂದು ಕೂತಿತ್ತು. ಸೀಮೆಎಣ್ಣೆ ಇಲ್ಲ, ಕಬ್ಬಿಣ ಇಲ್ಲ, ಬಟ್ಟೆಯಂತೂ ಕಂಟ್ರೋಲು ಅಂಗಡಿಯಲ್ಲಿ ಸಿಕ್ಕಿದರೆ ಸಿಕ್ಕಿತು. ಊರವರೆಲ್ಲ ಗೋಳಾಡುತ್ತಿದ್ದಾಗ ಅತ್ತೆಯೊಬ್ಬರೇ ನೆಮ್ಮದಿಯಾಗಿದ್ದರು. ಲೋಕವೇ ಈಗ ತಮ್ಮ ದಾರಿಗೆ ಬಂದಿದೆ ಎನ್ನುವ ಹಾಗೆ ಇತ್ತು ಅವರ ನಡೆ.

ಆ ಬೇಸಿಗೆಯಲ್ಲಿ ನನ್ನ ಅವ್ವನ ಸುದ್ದಿ ಬಂತು. ಕುರಿಮಂದೆ ಹೊಡೆದುಕೊಂಡು ಆ ಕಡೆಯಿಂದ ಬಂದಿದ್ದ ಮುದುಕರೊಬ್ಬರು ನಮ್ಮ ಹೊಲದಲ್ಲಿ ಮಂದೆ ತಂಗಿಸಿದ್ದರು. ಅಂಬಲಿ ಕೊಡಲು ಹೋದಾಗ ನನ್ನನ್ನು ಗುರುತು ಹಿಡಿದು ಹೇಳಿದರು. ಅವ್ವನ ಕಣ್ಣಿಗೆ ಪೊರೆ ಬಂದಿದೆಯಂತೆ. ಬಾಗಿಲಲ್ಲಿ ನಿಂತವರು ಗಂಡಸೋ ಹೆಂಗಸೋ ಎನ್ನುವುದಷ್ಟೇ ತಿಳಿಯುತ್ತದಂತೆ.

"ಕಣ್ಣು ಪೂರಾ ಹೋಗೋಕ್ಮುಂಚೆ ಒಂದ್ಸಲ ಬಂದು ಮಕ ತೋರ್ಸೋಗು ಅಂದವ್ರೆ ಕಣಮ್ಮ," ಎಂದರು ಮುದುಕರು.

ನಾನು ಅಲ್ಲೇ ಬದುವಿನ ಮೇಲೆ ಕೂತು ಅತ್ತುಬಿಟ್ಟೆ. ಅಪ್ಪ ನಾನು ಚಿಕ್ಕವಳಾಗಿದ್ದಾಗಲೇ ತೀರಿಕೊಂಡಿದ್ದರು. ಅವ್ವ ತನ್ನ ತಮ್ಮನ ಮನೆಯಲ್ಲಿದ್ದಳು. ನನಗೆ ಅವಳು, ಅವಳಿಗೆ ನಾನು, ಅಷ್ಟೇ. ಅವಳ ಕಣ್ಣಿನಲ್ಲಿ ನನ್ನ ಮುಖ ಉಳಿಯದೆ ಹೋದರೆ ನಾನೇ ಎಲ್ಲೋ ಕಳೆದುಹೋಗುತ್ತೇನೆ ಎಂದು ಭಯವಾಯಿತು. ಅಂದೇ ಹೊರಡಬೇಕು ಎಂದು ಮನೆಗೆ ಓಡಿ ಬಂದೆ.

ಹೊರಡುವುದಕ್ಕೆ ಗಾಡಿ ಇರಲಿಲ್ಲ. ಗಾಡಿ ಇತ್ತು, ಚಕ್ರ ಇರಲಿಲ್ಲ. ನಮ್ಮ ಕಡೆಯ ಬಿಸಿಲಿಗೆ ಮರದ ಚಕ್ರ ಒಣಗಿ ಕುಗ್ಗುತ್ತದೆ; ಅದರ ಸುತ್ತ ತೊಡಿಸಿದ ಕಬ್ಬಿಣದ ಹಳಿ ಮಾತ್ರ ಕುಗ್ಗುವುದಿಲ್ಲ. ಹಾಗಾಗಿ ಹಳಿ ಸಡಿಲವಾಗಿ, ಮುದುಕಿಯ ಕೈಯ ಬಳೆಯಂತೆ ಲೊಡಲೊಡ ಎನ್ನುತ್ತದೆ. ಅನುಕೂಲ ಇದ್ದವರು ಮಧುಗಿರಿಯ ಕುಲುಮೆಗೆ ಕೊಟ್ಟು ಹಳಿ ಕತ್ತರಿಸಿ, ಬೆಸೆದು, ಕಾಯಿಸಿ ಮತ್ತೆ ಹಾಕಿಸುತ್ತಿದ್ದರು. ನಮ್ಮ ಅತ್ತೆ ಚಕ್ರಗಳನ್ನು ಬಿಚ್ಚಿಸಿ ಕೆರೆಗೆ ಉರುಳಿಸುತ್ತಿದ್ದರು. ನೀರು ಕುಡಿದು ಮರ ಊದಿಕೊಂಡರೆ ಹಳಿ ತಾನಾಗಿ ಬಿಗಿಯುತ್ತದೆ. ಕುಲುಮೆಯ ಖರ್ಚು ಉಳಿಯುತ್ತದೆ. ನಾನು ಓಡಿ ಬಂದ ದಿನ ಚಕ್ರಗಳು ಆಗಷ್ಟೇ ಕೆರೆಗೆ ಇಳಿದಿದ್ದವು.

ನಮ್ಮ ಯಜಮಾನರು ಮೆಲ್ಲನೆ ಬಸ್ಸಿನ ಮಾತು ಎತ್ತಿದರು. ಇದ್ದಿಲು ಸುಟ್ಟು ಓಡುವ ಬಸ್ಸೊಂದು ಆಗ ಮಧುಗಿರಿಯವರೆಗೆ ಹೋಗುತ್ತಿತ್ತು. ಅಲ್ಲಿಂದ ಮುಂದೆ ಬಾಡಿಗೆ ಗಾಡಿ ಮಾಡಿದರಾಯಿತು ಎಂದರು. ಅತ್ತೆ ಒಪ್ಪಲಿಲ್ಲ. ಮನೆಯಲ್ಲಿ ಗಾಡಿ ಇಟ್ಟುಕೊಂಡು ಬಾಡಿಗೆ ಗಾಡಿಯಲ್ಲಿ ಸೊಸೆಯನ್ನು ಕಳಿಸಿದರೆ ಬೀಗರು ಏನೆಂದುಕೊಳ್ಳುತ್ತಾರೆ ಎಂದು ಕೇಳಿದರು. ಚಕ್ರ ನೆನೆಯಲಿ, ನಾನೇ ಬಂದು ಬಿಟ್ಟುಬರುತ್ತೇನೆ ಎಂದರು. ಯಜಮಾನರು ತಾಯಿಯ ಮುಂದೆ ಎರಡನೆಯ ಮಾತು ಆಡಿದವರಲ್ಲ.

ಆ ಕಾಯುವಿಕೆ ಹೇಗಿತ್ತು ಎಂದು ಇವತ್ತಿನ ಹುಡುಗಿಯರಿಗೆ ಹೇಳಿದರೆ ನಗುತ್ತಾರೆ. ಬೆಳಿಗ್ಗೆ ನೀರಿಗೆ ಹೋದಾಗ ಒಮ್ಮೆ, ಸಂಜೆ ದನದ ಮೈ ತೊಳೆಯಲು ಹೋದಾಗ ಒಮ್ಮೆ, ತೂಬಿನ ಹತ್ತಿರ ಕಲ್ಲು ಹೇರಿ ಮುಳುಗಿಸಿದ್ದ ಆ ಚಕ್ರಗಳನ್ನು ನೋಡುತ್ತಿದ್ದೆ. ಒಂದು ಕಲ್ಲು ತೆಗೆದುಕೊಂಡು ಹಳಿಗೆ ಹೊಡೆಯುತ್ತಿದ್ದೆ. ಸಡಿಲವಾಗಿದ್ದರೆ ಲೊಟ್ಟೆಂದು ಮಂಕಾಗಿ ಸದ್ದು ಬರುತ್ತದೆ, ಬಿಗಿದಿದ್ದರೆ ಠಣ್ ಎನ್ನುತ್ತದೆ. ದಿನವೂ ಲೊಟ್ಟೆಂದೇ ಅನ್ನುತ್ತಿತ್ತು. ನೀರಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಈ ಮುಖ ಅವ್ವನಿಗೆ ಇನ್ನೆಷ್ಟು ಕಾಲ ಕಂಡೀತು ಎಂದು ಇನ್ನೂ ಜೋರಾಗಿ ಹೊಡೆಯುತ್ತಿದ್ದೆ. ಅತ್ತೆಯ ಮೇಲೆ ಬಂದ ಸಿಟ್ಟನ್ನು ಆ ಹಳಿಯ ಮೇಲೇ ತೀರಿಸಿಕೊಂಡೆ.

ಕೊನೆಗೊಂದು ಬೆಳಿಗ್ಗೆ ಠಣ್ ಎಂದಿತು. ಬಿಂದಿಗೆ ಅಲ್ಲೇ ಬಿಟ್ಟು ಮನೆಗೆ ಓಡಿದೆ. ಅತ್ತೆ ನನ್ನ ಮುಖ ನೋಡಿ ಏನೂ ಕೇಳದೆ, ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಗಾಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆ ಮಾಡಲು ಕೂತರು. ಮಧ್ಯಾಹ್ನಕ್ಕೆ ಚಕ್ರ ಹಾಕಿ, ಗಾಡಿ ಹೂಡಿ ಹೊರಟೆವು. ಯಜಮಾನರು ಮುಂದೆ, ಅತ್ತೆ ಮತ್ತು ನಾನು ಹಿಂದೆ. ಅತ್ತೆ ಹಳೆಯ ಸೀರೆ ಉಟ್ಟಿದ್ದರು. ತೊಡೆಯ ಮೇಲಿದ್ದ ಗಂಟಿನಲ್ಲಿ ಹೊಸ ಸೀರೆ ಇತ್ತು: ಹಸಿರು ಮೈ, ಕೆಂಪು ಅಂಚು. ಹಿಂದಿನ ವರ್ಷ ಯಜಮಾನರು ಶಿರಾ ಸಂತೆಯಲ್ಲಿ ಅಲೆದಾಡಿ ತಂದದ್ದು. ಅದರ ಮಡಿಕೆಯನ್ನೇ ಅವರು ಬಿಚ್ಚಿರಲಿಲ್ಲ. ಬೀಗರ ಊರು ಬರುವ ಮುಂಚೆ ಹಳ್ಳದಲ್ಲಿ ಮುಖ ತೊಳೆದು ಉಡುತ್ತೇನೆ, ದಾರಿಯ ಧೂಳಿಗೆ ಯಾಕೆ ಹಾಳು ಮಾಡಬೇಕು ಎಂದರು. ಇದಕ್ಕೂ ಇವರಿಗೊಂದು ಲೆಕ್ಕಾಚಾರ ಎಂದು ನಾನು ಮುಖ ಆಚೆ ತಿರುಗಿಸಿದೆ.

ಮಧುಗಿರಿಯ ಕೆರೆಯಲ್ಲಿ ಗಾಡಿ ನಿಲ್ಲಿಸಿ ಚಕ್ರಕ್ಕೆ ಮತ್ತೆ ನೀರು ಕುಡಿಸುವುದು ಎಂದು ಅತ್ತೆ ಮೊದಲೇ ಗೊತ್ತು ಮಾಡಿದ್ದರು. ಅಲ್ಲಿಗೆ ಹೋಗಿ ನೋಡಿದರೆ ನೀರು ಕೆಳಗೆ ಸರಿದಿತ್ತು. ಕೆಸರಿಗೆ ಇಳಿಸಿದರೆ ಗಾಡಿ ಹೂತುಹೋಗುವ ಭಯ. ರಾತ್ರಿ ಅಂಚಿನಲ್ಲೇ ನಿಲ್ಲಿಸಿದೆವು. ಚಕ್ರದ ಕೆಳಗಿನ ಭಾಗ ನೆನೆಯಿತು, ಮೇಲಿನದು ಒಣಗಿಯೇ ಉಳಿಯಿತು.

ಮರುದಿನ ಬಿಸಿಲೇರುವ ಹೊತ್ತಿಗೆ ಚನ್ನರಾಯನದುರ್ಗದ ಬೆಟ್ಟ ಕಂಡಿತು. ಕೋಟೆಯ ಗೋಡೆ ಗೆರೆ ಎಳೆದ ಹಾಗೆ ತೆಳ್ಳಗೆ ಕಾಣುತ್ತಿತ್ತು. ಅದರ ಕೆಳಗೆ ಎಲ್ಲೋ ಅವ್ವ ಜಗಲಿಯ ಮೇಲೆ ಕೂತಿದ್ದಾಳೆ ಎಂದುಕೊಳ್ಳುತ್ತಿರುವಾಗಲೇ ಗಾಡಿ ಒಂದು ಕಡೆ ವಾಲಿತು. ಬಲಚಕ್ರದ ಹಳಿ ಅರ್ಧ ಜಾರಿ ಹೊರಗೆ ಬಂದಿತ್ತು. ಇನ್ನೊಂದು ಸುತ್ತು ಉರುಳಿದ್ದರೆ ಪೂರ್ತಿ ಕಳಚಿ, ಮರವೇ ಬಿರಿದುಹೋಗುತ್ತಿತ್ತು. ಸುತ್ತ ಬರೀ ಬಂಡೆ, ಜಾಲಿ. ಕುಲುಮೆ ಹಿಂದೆ ಮಧುಗಿರಿಯಲ್ಲೇ ಉಳಿದಿತ್ತು.

ಯಜಮಾನರು ಕಲ್ಲಿನಿಂದ ಹೊಡೆದು ಹಳಿಯನ್ನು ಒಳಕ್ಕೆ ಕೂರಿಸಿದರು. ಅದು ಕೂತಿತು, ನಿಲ್ಲಲಿಲ್ಲ. ಮರಕ್ಕೂ ಹಳಿಗೂ ನಡುವೆ ಬೆರಳು ತೂರುವಷ್ಟು ಸಂದು. ಗೋಣಿಯ ಚೂರು ತುರುಕಿದರು, ಅದು ಒರಟಾಗಿ ಒಳಗೆ ಇಳಿಯಲಿಲ್ಲ. ಹುಲ್ಲು ತುರುಕಿದರು, ಪುಡಿಯಾಯಿತು. ಅತ್ತೆ ಉಟ್ಟ ಸೀರೆಯ ಸೆರಗಿನ ತುದಿಯನ್ನೇ ಹರಿದು ನೀರಲ್ಲಿ ಅದ್ದಿ ಇಟ್ಟು ಹೊಡೆಸಿದರು. ಒಂದೇ ಏಟಿಗೆ ಅದು ನುಸಿಯಾಗಿ ಉದುರಿತು. ಎಷ್ಟು ವರ್ಷದ ಸೀರೆಯೋ, ಅದರಲ್ಲಿ ಬಟ್ಟೆಗಿಂತ ಹೊಲಿಗೆಯೇ ಹೆಚ್ಚಿತ್ತು.

ನನಗೆ ತಡೆಯಲಾಗಲಿಲ್ಲ. ನಡೆದೇ ಹೋಗುತ್ತೇನೆ, ಬೆಟ್ಟ ಕಾಣುತ್ತಿದೆಯಲ್ಲ ಎಂದೆ. ಅತ್ತೆ "ಊರುಕೋ" ಎಂದು ತೆಲುಗಿನಲ್ಲಿ ಬಾಯಿ ಮುಚ್ಚಿಸಿದರು. ಆಮೇಲೆ ಕನ್ನಡಕ್ಕೆ ಬಂದರು.

"ನಡ್ಕಂಡೋದ್ರೆ ನಿಮ್ಮವ್ವ ಏನಂದ್ಕಂತಾಳೆ? ಗಂಡನ ಮನೆಯೋರು ಓಡಿಸ್ಬುಟ್ರು ಅಂತ ಎದೆ ಒಡ್ಕಂತಾಳೆ. ಗಾಡೀಲೇ ಇಳೀಬೇಕು ನೀನು."

ಹಾಗಾದರೆ ನನ್ನ ಸೀರೆ ಹರಿಯಿರಿ ಎಂದು ಸೆರಗು ಮುಂದೆ ಹಿಡಿದೆ. ಉಟ್ಟದ್ದು ಮದುವೆಯ ಸೀರೆ, ಗಟ್ಟಿ ನೂಲು. ಅತ್ತೆ ನನ್ನ ಕೈಯಿಂದ ಸೆರಗು ಬಿಡಿಸಿ ಮತ್ತೆ ಹೆಗಲಿಗೆ ಹಾಕಿದರು. ಗಾಡಿಯಿಂದ ತಮ್ಮ ಗಂಟು ತಂದು ಬಿಚ್ಚಿದರು. ಹಸಿರು ಸೀರೆಯ ಮಡಿಕೆ ಬಿಡಿಸಿ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಪರ್ರನೆ ಎಳೆದರು. ಯಜಮಾನರು "ಅವ್ವಾ" ಎಂದು ಕೈ ಚಾಚಿದರು. ಹರಿದ ಮೊರವನ್ನು ಎಸೆಯದ ಕೈ ಅದು. ಇನ್ನೊಂದು ಸೀರೆ ಯಾವಾಗ ಸಿಕ್ಕೀತು ಎಂದು ಯಾರೂ ಹೇಳಲಾರದ ಕಾಲ ಅದು.

"ನಿಮ್ಮವ್ವ ನೋಡೋಕೆ ಕಾಯ್ತಿರೋದು ನಿನ್ನ ಕಣಮ್ಮ," ಎಂದರು ಅತ್ತೆ, ಇನ್ನೊಂದು ಪಟ್ಟಿ ಹರಿಯುತ್ತಾ. "ನನ್ನಲ್ಲ."

ಜಾಲಿಯ ಕೊಂಬೆ ಸೀಳಿ ಚಿಕ್ಕ ಚಿಕ್ಕ ಬೆಣೆ ಮಾಡಿದೆವು. ಒಂದೊಂದು ಬೆಣೆಗೂ ಒದ್ದೆ ಪಟ್ಟಿ ಸುತ್ತಿ, ಸಂದಿನಲ್ಲಿಟ್ಟು ಹೊಡೆದು, ಚಕ್ರದ ಸುತ್ತಲೂ ತುಂಬಿದೆವು. ಕುಡಿಯಲು ತಂದಿದ್ದ ನೀರನ್ನೆಲ್ಲ ಚಕ್ರಕ್ಕೇ ಸುರಿದರು. ಬಟ್ಟೆ ನೀರು ಹೀರಿ ಊದಿತು. ಅತ್ತೆ ನನ್ನ ಕೈಗೆ ಕಲ್ಲು ಕೊಟ್ಟು ಹೊಡೆಯಲು ಹೇಳಿದರು. ನಾನು ದಿನವೂ ಕೆರೆಗೆ ಹೋಗಿ ಹಳಿಗೆ ಹೊಡೆಯುತ್ತಿದ್ದುದು ಅವರಿಗೆ ಗೊತ್ತಿತ್ತು ಎಂದು ಆಗ ತಿಳಿಯಿತು. ಹೊಡೆದೆ. ಪೂರ್ತಿ ಠಣ್ ಎನ್ನಲಿಲ್ಲ, ಲೊಟ್ಟೆಂದೂ ಅನ್ನಲಿಲ್ಲ. ಇಷ್ಟು ಸಾಕು ಎಂದರು. ನಾವು ಮೂವರೂ ಪಕ್ಕದಲ್ಲಿ ನಡೆದುಕೊಂಡು, ಎತ್ತುಗಳನ್ನು ಮೆಲ್ಲನೆ ನಡೆಸಿದೆವು. ನಾಲಿಗೆ ಒಣಗಿ ಅಂಟುತ್ತಿತ್ತು. ನನ್ನ ಕಣ್ಣು ಮಾತ್ರ ಒಣಗಲಿಲ್ಲ.

ಊರ ಬಾಗಿಲಲ್ಲಿ ನನ್ನನ್ನು ಗಾಡಿಗೆ ಹತ್ತಿಸಿದರು. ಹೊತ್ತು ಇನ್ನೂ ಇತ್ತು. ಗಾಡಿಯ ಸದ್ದು ಕೇಳಿ ಅವ್ವ ಜಗಲಿಯಿಂದ ಎದ್ದಳು. ನಾನು ಇಳಿದ ಕೂಡಲೇ ನನ್ನ ಗಲ್ಲ ಹಿಡಿದು ಬಿಸಿಲಿರುವ ಕಡೆಗೆ ತಿರುಗಿಸಿದಳು. ಇಷ್ಟು ಹತ್ತಿರದಿಂದ, ಉಸಿರು ತಾಗುವ ಹಾಗೆ, ಹಣೆಯಿಂದ ಗಲ್ಲದವರೆಗೆ ನಿಧಾನವಾಗಿ ನೋಡಿದಳು. ಇಳಿದುಹೋಗಿದ್ದೀಯ ಎಂದಳು. ಸೀರೆಯ ಬಣ್ಣ ಇನ್ನೂ ಹೊಸತಾಗೇ ಇದೆ ಎಂದಳು. ಕಂಡಿತ್ತು, ಅವಳಿಗೆ ನಾನು ಕಂಡಿದ್ದೆ. ನಾನು ಅವಳ ಹೆಗಲಿಗೆ ಮುಖ ಒತ್ತಿ ಬಿಕ್ಕಿದೆ.

ಅತ್ತೆ ಗಾಡಿಯ ಹಿಂದೆಯೇ ಉಳಿದಿದ್ದರು. ಸೆರಗು ಹರಿದ ಹಳೆಯ ಸೀರೆಯಲ್ಲಿ ಬೀಗರ ಅಂಗಳಕ್ಕೆ ಬರಲು ಅವರಿಗೆ ನಾಚಿಕೆ. ನಾನು ಕರೆಯಲು ಹೋದರೆ, ನಿಮ್ಮವ್ವನಿಗೆ ಕಾಣುವುದಿಲ್ಲವಲ್ಲ, ನನ್ನದು ಹೊಸ ಸೀರೆ ಎಂದುಬಿಡು ಎಂದು ಕಿವಿಯಲ್ಲಿ ಹೇಳಿಕೊಟ್ಟರು. ಅವ್ವ ತಾನೇ ತಡವರಿಸುತ್ತಾ ಬಂದು ಅವರ ಕೈ ಹಿಡಿದಳು. ಆಮೇಲೆ ಅವಳ ಬೆರಳು ಸೆರಗಿಗೆ ಹೋಯಿತು. ಹೊಲಿಗೆಯಿಂದ ಹೊಲಿಗೆಗೆ, ಗಂಟೇ ಸಿಗದ ಆ ಸಣ್ಣ ಹೊಲಿಗೆಗಳ ಮೇಲೆ ಓಡಾಡಿತು. ನಾನು ಕಲಿತ ಸುಳ್ಳು ಬಾಯಲ್ಲೇ ಉಳಿಯಿತು.

"ಒಳ್ಳೆ ಕೈಗೆ ಸೇರವ್ಳೆ ನನ್ನ ಮಗ್ಳು," ಎಂದಳು ಅವ್ವ.

ಮುಂದಿನ ಬೇಸಿಗೆಗೆ ಅವ್ವನ ಕಣ್ಣು ಪೂರ್ತಿ ಆರಿತ್ತು. ಅದಾದ ಮೇಲೆ ಎಷ್ಟು ಸಲ ಹೋದರೂ ಅವಳು ನನ್ನ ಮುಖವನ್ನು ಬೆರಳಿನಿಂದ ಸವರಿ, ಅಂದು ಬಿಸಿಲಲ್ಲಿ ಕಂಡ ಮುಖವನ್ನೇ ನೆನೆಸಿಕೊಳ್ಳುತ್ತಿದ್ದಳು. ಅವಳ ಪಾಲಿಗೆ ನಾನು ಕೊನೆಯವರೆಗೂ ಅದೇ ಪ್ರಾಯದವಳಾಗಿ ಉಳಿದೆ.

ಅತ್ತೆ ಆ ಪಟ್ಟಿಗಳನ್ನು ಚಕ್ರದಿಂದ ಬಿಡಿಸಲಿಲ್ಲ. ಕೆಲಸ ಮಾಡುತ್ತಿರುವುದನ್ನು ಯಾಕೆ ಕೀಳಬೇಕು ಎಂದರು. ಉಳಿದ ಸೀರೆಯನ್ನು ಜೋಡಿಸಿ ಹೊಲಿದು ಹೊಲಕ್ಕೆ ಉಟ್ಟರು, ಹಬ್ಬಕ್ಕೂ ಅದನ್ನೇ ಉಟ್ಟರು. ಅವರು ತೀರಿಕೊಂಡ ಮೇಲೆ ಯಜಮಾನರು ಮೊದಲ ಸಲ ಚಕ್ರವನ್ನು ಕುಲುಮೆಗೆ ಒಯ್ದರು. ಹಳಿ ಬಿಚ್ಚಿದಾಗ ಬೆಣೆಗಳು ಉದುರಿದವು. ತುಕ್ಕು, ಕೆಸರು ಕುಡಿದು ಬಟ್ಟೆ ಕಪ್ಪಾಗಿತ್ತು. ಒಂದನ್ನು ಬಿಡಿಸಿ ನೋಡಿದರೆ ಒಳಮಡಿಕೆಯಲ್ಲಿ ಹಸಿರು ಹಾಗೇ ಇತ್ತು. ಹೊಸ ಹಳಿ ಬಿದ್ದು ಗಾಡಿ ಸದ್ದಿಲ್ಲದೆ ಓಡಿತು. ಎಲ್ಲರಿಗೂ ಸಂತೋಷವಾಯಿತು. ನನಗೆ ಆ ಲೊಡಲೊಡ ಬೇಕಾಗಿತ್ತು.

ಅವ್ವ ಹೋಗಿ ಬಹಳ ಕಾಲವಾಯಿತು. ತವರಿನಲ್ಲಿ ಈಗ ಗಲ್ಲ ಹಿಡಿಯುವವರು ಯಾರೂ ಇಲ್ಲ. ಆದರೂ ಬಿಸಿಲು ಏರಿ ಜಾಲಿ ಹೂ ಬಿಡುವ ದಿನಗಳಲ್ಲಿ ತವರಿಗೆ ಹೋಗಬೇಕು ಎಂದು ಜೀವ ಎಳೆಯುತ್ತದೆ. ಆಗ ನಾನು ಬಸ್ಸು ಹತ್ತುವುದಿಲ್ಲ. ಕೆರೆಗೆ ಹೋಗಿ, ಚಕ್ರ ಮುಳುಗಿಸುತ್ತಿದ್ದ ತೂಬಿನ ಹತ್ತಿರ ಸ್ವಲ್ಪ ಹೊತ್ತು ಕೂತು ಬರುತ್ತೇನೆ.